ನಲವತ್ತೇಳನೆಯ ಕಂಠಿಕೆ

ಮನಸ್ಸಿನಲ್ಲಿ ಮಾತು ಮೂಡಿದಾಗ ಗಂಟಲು ಸುಮ್ಮನಿರುವುದಿಲ್ಲ. ತುಟಿ ಬಿಗಿದುಕೊಂಡಿದ್ದರೂ ಕೊರಳಿನ ಸಣ್ಣ ಸ್ನಾಯುಗಳು ಆ ಮಾತಿನ ಜೊತೆ ಒಮ್ಮೆ ಮೆಲ್ಲಗೆ ನಡೆದು ಬರುತ್ತವೆ. ಆ ನಡಿಗೆಯ ಸಪ್ಪಳ ಯಾರ ಕಿವಿಗೂ ಬೀಳದು. ಅದನ್ನು ಕೇಳಿಸಿಕೊಳ್ಳುವ ಒಂದು ಪಟ್ಟಿ ಇದ್ದರೆ?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ವಸುಮತಿ ಹನ್ನೊಂದು ವರ್ಷ ಕಳೆದಿದ್ದಳು. ಹಾಸನದ ಹೊರಗೆ, ಹಳೆಯ ರೇಷ್ಮೆ ಗೋದಾಮೊಂದನ್ನು ಸರಿಮಾಡಿಕೊಂಡು ನಡೆಯುತ್ತಿದ್ದ ಒಳನುಡಿ ಅಧ್ಯಯನ ಕೇಂದ್ರದಲ್ಲಿ ಕೊನೆಗೂ ಆ ಪಟ್ಟಿ ತಯಾರಾಯಿತು. ಬೆರಳಗಲದ್ದು, ಮೈಬಣ್ಣದ್ದು, ಕತ್ತಿಗೆ ಸುತ್ತಿಕೊಂಡರೆ ಇದೆಯೆಂದೇ ಮರೆತುಹೋಗುವಷ್ಟು ಹಗುರ. ಕಂಠಿಕೆ ಎಂದು ಹೆಸರಿಟ್ಟರು.

ಕಂಠಿಕೆಗೆ ಪದಗಳು ತಿಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಕಾವ್ಯ ಓದುತ್ತಿದ್ದಾರೆ ಎನ್ನಿ. ಗೋಡೆಯ ಈಚೆ ಕೂತವರಿಗೆ ಒಂದು ಪದವೂ ಬಿಡಿಯಾಗಿ ಸಿಗದು. ಆದರೆ ಅಲ್ಲಿ ಕಾಳಗ ನಡೆದಿದೆಯೋ, ಯಾರಾದರೂ ಮಗನನ್ನು ಕಳೆದುಕೊಂಡು ಅಳುತ್ತಿದ್ದಾರೋ ಎಂಬುದು ಓದಿನ ಏರಿಳಿತದ ನಡೆಯಿಂದಲೇ ಗೊತ್ತಾಗುತ್ತದೆ. ಕಂಠಿಕೆ ಕೇಳುವುದು ಅಷ್ಟನ್ನೇ. ಖಿನ್ನತೆ ಬಂದವರ ಒಳಮಾತಿಗೆ ಬೇರೆಯದೇ ಒಂದು ನಡೆ ಇರುತ್ತದೆಂದು ವಸುಮತಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಒಂದೇ ಸಾಲು ಹೋಗಿ, ತಿರುಗಿ, ಅದೇ ಅಂತರದಲ್ಲಿ ಮತ್ತೆ ಬರುತ್ತದೆ. ಗಾಣದ ಎತ್ತಿನ ಹಾಗೆ. ಆ ಸುತ್ತು ಮೂರನೆಯ ಸಲ ಶುರುವಾದಾಗ ಕಂಠಿಕೆ ಕತ್ತಿನ ಹಿಂದೆ ಒಂದು ಸಲ ಮೆಲ್ಲಗೆ ತಟ್ಟುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ತಟ್ಟಿದ ಮೇಲೆ ಏನು ಮಾಡಬೇಕೆಂಬುದನ್ನು ಕಟ್ಟಿಕೊಂಡವರೇ ಕಲಿಯಬೇಕು. ಅದಕ್ಕೆ ದಿನಾ ಬೆಳಿಗ್ಗೆ ಫೋನಿನಲ್ಲಿ ಹತ್ತು ನಿಮಿಷದ ಪಾಠ ಬರುತ್ತಿತ್ತು, ದನಿ ವಸುಮತಿಯದೇ. ಈಜು ಕಲಿಸುವ ಹಾಗೆ, ಮುಳುಗದಿರುವುದನ್ನು ಕಲಿಸುವ ಪಾಠ. ಹನ್ನೆರಡು ವಾರದಲ್ಲಿ ತಟ್ಟುವುದನ್ನು ಕಡಿಮೆ ಮಾಡುತ್ತ ಹೋಗಿ, ಕೊನೆಗೆ ಪಟ್ಟಿಯನ್ನು ವಾಪಸು ಪಡೆಯುವುದು ಕ್ರಮ.

ಅರವತ್ತು ಜನರಿಗೆ ಅರವತ್ತು ಕಂಠಿಕೆ. ಅವುಗಳಲ್ಲಿ ನಲವತ್ತೇಳನೆಯದು ಇಡೀ ಕೇಂದ್ರದ ಕಣ್ಮಣಿ.

"ನೋಡಿ ಮೇಡಂ, ಈ ಗೆರೆಯನ್ನ ಫ್ರೇಮ್ ಹಾಕಿಸಿ ಗೋಡೆಗೆ ಹೊಡೀಬೇಕು," ಎಂದ ಜಬೀವುಲ್ಲಾ, ಪರದೆಯ ಮೇಲೆ ವಾರದಿಂದ ವಾರಕ್ಕೆ ಇಳಿಯುತ್ತ ಬಂದ ಗೆರೆ ತೋರಿಸಿ. ಕಂಠಿಕೆಯ ಲೆಕ್ಕಾಚಾರವನ್ನೆಲ್ಲ ಬರೆದವನು ಅವನು. ನಲವತ್ತು ದಾಟಿದ್ದ, ಖುಷಿಯಾದಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸುವ ಚಟವಿತ್ತು. "ಮೊದಲ ವಾರ ದಿನಕ್ಕೆ ಮುನ್ನೂರು ಸುತ್ತು. ಎಂಟನೇ ವಾರ ಹದಿನಾಲ್ಕು. ಪಾಠ ಒಂದು ದಿನಾನೂ ತಪ್ಪಿಲ್ಲ. ನಾನೇ ಹಲ್ಲುಜ್ಜೋದು ಇಷ್ಟು ನಿಯತ್ತಾಗಿ ಉಜ್ಜಲ್ಲ."

ನಲವತ್ತೇಳು ಎಂದರೆ ಸಿಂಚನ. ಮೂವತ್ತೊಂದು ವರ್ಷ, ಅರಸೀಕೆರೆಯಲ್ಲಿ ಗೂಡ್ಸ್ ಗಾಡಿಯ ಲೋಕೊ ಪೈಲಟ್. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಸಿಗ್ನಲ್ ಹಸಿರಿದ್ದರೂ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, "ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ, ಬೇರೆಯವರನ್ನು ಕಳಿಸಿ" ಎಂದು ತಾನೇ ಕಂಟ್ರೋಲ್ ರೂಮಿಗೆ ಹೇಳಿ ಇಳಿದಿದ್ದಳು. ಅಂದಿನಿಂದ ಇಂಜಿನ್ ಹತ್ತಿಲ್ಲ. ಇನ್ನು ಒಂಬತ್ತು ದಿನಕ್ಕೆ ವೈದ್ಯರ ಮಂಡಳಿ ಸೇರುತ್ತದೆ. ಗೆರೆ ನೋಡಿ ವಸುಮತಿ ಸಹಿ ಹಾಕಿದರೆ ಮತ್ತೆ ಅವಳ ಕೈಗೆ ಮೂರು ಸಾವಿರ ಟನ್ನಿನ ಗಾಡಿ.

ವಸುಮತಿಗೆ ಗೆರೆಗಿಂತ ಸದ್ದಿನ ಮೇಲೆ ನಂಬಿಕೆ. ಅದಕ್ಕೆಂದೇ ಜಬೀವುಲ್ಲಾ ಪ್ರತಿ ಕಂಠಿಕೆಯ ನಡೆಯನ್ನೂ ಟಕ್ ಟಕ್ ಸದ್ದಾಗಿ ಮಾಡಿಕೊಟ್ಟಿದ್ದ. ಸಹಿಗೆ ಮೊದಲು ಒಂದು ಸಲ ಕೇಳಿಬಿಡೋಣವೆಂದು ಅವಳು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಮೊದಲ ವಾರದ ಗಾಣ. ಮೂರನೆಯ ವಾರ ಅಲ್ಲಲ್ಲಿ ಹರಿದ ಸುತ್ತು. ಐದನೆಯ ವಾರದಿಂದ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಹೊಸದೇನೋ ಶುರುವಾಗಿ ನಲವತ್ತು ನಿಮಿಷ ನಡೆಯುತ್ತಿತ್ತು. ಅದು ಗಾಣವಲ್ಲ. ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಒಂದು ನಿಲುಗಡೆ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಸಾಲಿನೊಳಗೆ ಮೂರು ಹೆಜ್ಜೆ, ನಾಲ್ಕು ಹೆಜ್ಜೆ, ಮೂರು, ನಾಲ್ಕು.

"ಮೇಡಂ, ಏನು ತಾಳ ಹಾಕ್ತಿದೀರಿ?"

ವಸುಮತಿ ಕಣ್ಣು ಬಿಟ್ಟಳು. ತನ್ನ ಬಲಗೈ ಮೇಜಿನ ಮೇಲೆ ತಾನಾಗಿಯೇ ಆಡುತ್ತಿತ್ತು. "ಜಬಿ, ಇದು ಷಟ್ಪದಿ."

"ಅಂದ್ರೆ?"

"ಆರು ಸಾಲಿನ ಪದ್ಯ. ಹಳೇ ಕಾವ್ಯಗಳನ್ನ ಓದೋ ಧಾಟಿ. ನಮ್ಮನೇಲಿ ಸಾಯಂಕಾಲ ಓದಿಸೋರು, ನಾನು ಕಂಬಕ್ಕೆ ಒರಗಿ ಕೇಳ್ತಾ ನಿದ್ದೆ ಹೋಗ್ತಿದ್ದೆ. ಈ ನಡೆ ನಂಗೆ ತಪ್ಪಲ್ಲ. ಯಾರೋ ಬಾಯಿ ತೆರೀದೆ ಮನಸ್ಸಲ್ಲೇ ಓದ್ಕೊಳ್ತಿದಾರೆ. ನಲವತ್ತು ನಿಮಿಷ ಅಂದ್ರೆ ನೂರು ಪದ್ಯದ ಮೇಲಾಯ್ತು."

"ಒಳ್ಳೇದೇ ಅಲ್ವಾ? ಮನಸ್ಸು ಗೆಲುವಾಗಿದೆ, ಓದ್ಕೊಳ್ತಿದಾರೆ."

ವಸುಮತಿ ಮೊದಲ ಭೇಟಿಯ ಹಾಳೆ ತೆಗೆದಳು. 'ಮನಸ್ಸಿನಲ್ಲಿ ಹೇಳಿಕೊಳ್ಳುವ ಪ್ರಾರ್ಥನೆ, ಪದ್ಯ, ಹಾಡು ಇದೆಯೇ?' ಎಂಬ ಪ್ರಶ್ನೆಗೆ ಸಿಂಚನ ಕೊಟ್ಟ ಉತ್ತರ ಅಲ್ಲೇ ಇತ್ತು: 'ಯಾವುದೂ ಬರುವುದಿಲ್ಲ. ಶಾಲೆಯಲ್ಲಿ ಕಂಠಪಾಠ ಮಾಡದೆ ಹೊರಗೆ ನಿಂತವಳು ನಾನು.'

ನೂರು ಷಟ್ಪದಿ ಎಂಟು ವಾರದಲ್ಲಿ ಬಾಯಿಗೆ ಬರುವ ಸರಕಲ್ಲ. ಜಬೀವುಲ್ಲಾನ ಕುರ್ಚಿ ನೆಟ್ಟಗಾಯಿತು.

"ಕತ್ತು ಯಾರದು ಅಂತ ಪಟ್ಟಿಗೆ ಗೊತ್ತಾಗಲ್ವಾ?" ಎಂದಳು ವಸುಮತಿ, ಉತ್ತರ ಗೊತ್ತಿದ್ದೂ.

"ಗೊತ್ತಾಗಬಾರದು ಅಂತ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ ನೀತಿ ಸಮಿತಿಯೋರೇ ಹೇಳಿದ್ರಲ್ಲ ಮೇಡಂ. ಗುರುತು ಇಟ್ಕೊಳ್ಳೋದನ್ನೆಲ್ಲ ನಾನೇ ಅಳಿಸಿದೀನಿ. ಮನೆಗೆ ಹೋದ ಮೇಲಿನ ಮೊದಲ ಹತ್ತು ದಿನದ ನಡೆಯನ್ನೇ ಅದು ಅಳತೆ ಅಂತ ಹಿಡಿಯುತ್ತೆ. ಮನೇಲಿ ಯಾರ ಕತ್ತಿಗೆ ಏರಿತೋ ಅವರೇ ನಲವತ್ತೇಳು."

* * *

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿಗೆ ವಸುಮತಿ ಹೋದಾಗ ಹನ್ನೊಂದು ಗಂಟೆ. ಹಳದಿ ಗೋಡೆಯ ಮನೆಗಳ ಸಾಲು, ಪ್ರತಿ ಬಾಗಿಲಲ್ಲೂ ಬಿಸಿಲಿಗೆ ಹಾಕಿದ ಸಮವಸ್ತ್ರ. ಬಾಗಿಲು ತೆರೆದವರು ಸಿಂಚನಳ ಅತ್ತೆ ಕಮಲಾಕ್ಷಮ್ಮ. ಅರವತ್ತೈದರ ಆಸುಪಾಸು, ಸೆರಗನ್ನು ಕತ್ತಿನ ಸುತ್ತ ಒತ್ತಾಗಿ ಹೊದ್ದಿದ್ದರು.

"ನೀವು ಫೋನಮ್ಮ ಅಲ್ವೇ?" ಎಂದರು, ವಸುಮತಿ ಎರಡು ಮಾತಾಡುವಷ್ಟರಲ್ಲಿ. "ದನಿ ಕೇಳಿದ ಕೂಡ್ಲೇ ಗೊತ್ತಾಯ್ತು. ಬನ್ನಿ ಬನ್ನಿ ಡಾಕ್ಟ್ರಮ್ಮ. ಫೋನಲ್ಲಿ ಇನ್ನೂ ದಪ್ಪ ಇದ್ದಂಗೆ ಕೇಳ್ತೀರಿ."

"ದಿನಾ ಕೇಳ್ತೀರಾ ಪಾಠಾನ?"

"ಕೇಳ್ದೆ? ಸ್ನಾನ ಮಾಡಿ, ದೀಪ ಹಚ್ಚಿ, ಆಮೇಲೆ ನಿಮ್ಮ ಪಾಠ. ಅಲ್ಲೀವರೆಗೂ ಹನಿ ಕಾಫೀನೂ ಕುಡಿಯಲ್ಲ."

ಸಿಂಚನ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮುಂದೆ ಮೊರದಲ್ಲಿ ಅವರೆಕಾಯಿ. ಒಂದು ಕಾಯಿ ಕೈಯಲ್ಲಿತ್ತು, ಅರ್ಧ ಬಿಡಿಸಿದ್ದು. ವಸುಮತಿಯನ್ನು ನೋಡಿ ನಕ್ಕಳು. ನಗು ಬಂದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗಿದ್ದಳು.

"ಸಿಂಚನ, ಕಂಠಿಕೆ ಎಲ್ಲಿದೆ?"

"ಅತ್ತೆ ಹತ್ರ ಇದೆ." ಮುಚ್ಚುಮರೆ ಏನೂ ಇರಲಿಲ್ಲ. ಕಮಲಾಕ್ಷಮ್ಮನೂ ಸೆರಗು ಸರಿಸಿ ಕತ್ತು ತೋರಿಸಿದರು, ಮನೆಗೆ ಬಂದವರಿಗೆ ಹೊಸ ಸರ ತೋರಿಸುವ ಹಾಗೆ.

"ಅಮ್ಮ, ಇದು ಅವರಿಗೆ ಕೊಟ್ಟದ್ದಲ್ವಾ?"

"ಅವಳ ಹೆಸರಿಗೇ ಕಟ್ಕೊಂಡಿರೋದು. ಆಗ ಅವಳಿಗೆ ಎದ್ದು ಮುಖ ತೊಳ್ಯೋಕೂ ಆಗ್ತಿರ್ಲಿಲ್ಲ ಡಾಕ್ಟ್ರಮ್ಮ. ಅಂಥವಳು ಹನ್ನೆರಡು ವಾರದ ನೇಮ ಎಲ್ಲಿ ಹಿಡಿದಾಳು? ಮೈಲಿ ಶಕ್ತಿ ಇಲ್ದೋರ ಪರವಾಗಿ ಮನೇವರಲ್ವಾ ಹಿಡಿಯೋದು? ನನ್ನ ಮಗನಿಗೆ ಎಂಟು ವರ್ಷದಲ್ಲಿ ಕಾಮಾಲೆ ಆಯ್ತು. ಹನ್ನೊಂದು ಸೋಮವಾರ ಒಪ್ಪೊತ್ತು ನಾನಿದ್ದೆ, ವಾಸಿ ಅವನಿಗಾಯ್ತು. ಇದೂ ಹಂಗೇ ಅಂತ, ತಂದ ಸಾಯಂಕಾಲಾನೇ ನಾನು ಕಟ್ಕೊಂಡೆ. ಸ್ನಾನಕ್ಕೆ ಬಿಟ್ರೆ ಬಿಚ್ಚಿಲ್ಲ. ಒಂದು ದಿನ ತಪ್ಸಿಲ್ಲ. ನಿಮ್ಮ ಯಂತ್ರಾನೇ ಕೇಳಿ ಬೇಕಾದ್ರೆ."

ವಸುಮತಿಗೆ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಯಂತ್ರವನ್ನು ಕೇಳಿದ್ದಾಗಿತ್ತು. ಯಂತ್ರ ಹೌದೆಂದಿತ್ತು.

"ಮತ್ತೆ ಸಿಂಚನ ಹೇಗಿದಾರೆ?"

ಕಮಲಾಕ್ಷಮ್ಮ ಸೊಸೆಯ ಕಡೆ ನೋಡಿದರು. ಉತ್ತರ ಕೊಟ್ಟವಳು ಸಿಂಚನ. "ಹಾಗೇ ಇದೀನಿ ಮೇಡಂ. ಅತ್ತೆ ನನಗೋಸ್ಕರ ಇಷ್ಟು ಮಾಡ್ತಿದಾರೆ. ಆದ್ರೂ ವಾಸಿ ಆಗ್ತಿಲ್ಲ ಅಂದ್ರೆ ಅದೂ ನನ್ನದೇ ತಪ್ಪು. ಅದಕ್ಕೆ ಯಾರಾದ್ರೂ ಕೇಳಿದ್ರೆ ಪರವಾಗಿಲ್ಲ ಅಂತೀನಿ."

"ಇನ್ನು ಒಂಬತ್ತು ದಿನಕ್ಕೆ ನಾನು ಸಹಿ ಹಾಕಿದ್ರೆ? ಗಾಡಿ ಹತ್ತುತೀರಾ?"

"ಹತ್ತುತೀನಿ."

"ಓಡಿಸಬಲ್ಲಿರಾ?"

ಸಿಂಚನ ಕೈಯಲ್ಲಿದ್ದ ಅವರೆಕಾಯಿಯನ್ನು ನೋಡಿದಳು. "ಗೊತ್ತಿಲ್ಲ. ಆದ್ರೆ ಹತ್ತು ಅಂದ್ರೆ ಹತ್ತುತೀನಿ. ಆಗಲ್ಲ ಅಂತ ಅವತ್ತು ಒಂದ್ಸಲ ಹೇಳಿದ್ನಲ್ಲ. ಇದ್ದ ಶಕ್ತಿ ಅಷ್ಟೇ ಇತ್ತು."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕಮಲಾಕ್ಷಮ್ಮ ಎದ್ದು ಒಳಗೆ ಹೋದರು; ವಸುಮತಿ ಹಿಂದೆಯೇ ಹೋದಳು. ಅವಳಿಗೆ ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಪಟ್ಟಿ ಮೊದಲ ದಿನದಿಂದಲೂ ಇವರ ಕತ್ತಿನಲ್ಲೇ ಇತ್ತು ಎಂದಾದರೆ, ದಿನಕ್ಕೆ ಮುನ್ನೂರು ಸಲ ಸುತ್ತಿದ ಆ ಗಾಣ ಯಾರದು? ಅರವತ್ತು ಜನರಲ್ಲಿ ಅಷ್ಟು ಕಡುಗಪ್ಪು ಗೆರೆ ಬೇರೆ ಇರಲಿಲ್ಲ.

"ಅಮ್ಮ, ಪಟ್ಟಿ ಮೊದಮೊದಲು ತುಂಬ ತಟ್ಟುತಿತ್ತಾ?"

"ಅಯ್ಯೋ, ಎಡೆಬಿಡದೆ. ಯಂತ್ರ ಕೆಟ್ಟಿದೆ ಅಂದ್ಕೊಂಡೆ."

"ತಟ್ಟಿದಾಗ ಮನಸ್ಸಲ್ಲಿ ಏನು ಇರ್ತಿತ್ತು?"

ಕಮಲಾಕ್ಷಮ್ಮ ಒಲೆ ಸಣ್ಣ ಮಾಡಿದರು. "ಬಾಗಿಲು ಹಾಕಬೇಕಿತ್ತು ಅಂತ." ಒಲೆಯ ಕಡೆಗೇ ನೋಡುತ್ತ ಮುಂದುವರಿಸಿದರು. "ಎರಡನೇದು ಹೆಣ್ಣು ಮಗು. ಹನ್ನೆರಡು ದಿನಕ್ಕೆ ಜ್ವರ ಬಂದು ಹೋಯ್ತು. ಹಿಂದಿನ ದಿನ ಗಾಳಿ ಬೀಸ್ತಿತ್ತು, ನಾನು ಹಿತ್ತಲ ಬಾಗಿಲು ಹಾಕಿರ್ಲಿಲ್ಲ. ಹಾಕಬೇಕಿತ್ತು. ಹಾಕಿದ್ರೆ ಉಳೀತಿತ್ತು. ಹಾಕಬೇಕಿತ್ತು. ಇಷ್ಟೇ. ಮೂವತ್ಮೂರು ವರ್ಷ ಆಯ್ತು."

"ಮೂವತ್ಮೂರು ವರ್ಷ ದಿನಾನೂ?"

"ಅದರಲ್ಲೇನು ವಿಶೇಷ ಡಾಕ್ಟ್ರಮ್ಮ? ಎಲ್ರ ತಲೇಲೂ ಹೀಗೇ ಏನಾದ್ರೊಂದು ಇರುತ್ತೆ, ಯಾರೂ ಹೇಳ್ಕೊಳ್ಳಲ್ಲ ಅಂದ್ಕೊಂಡಿದ್ದೆ." ಅವರು ವಸುಮತಿಯ ಮುಖ ನೋಡಿದರು. "ಇರಲ್ವಾ?"

ವಸುಮತಿ ಇಲ್ಲವೆಂದು ತಲೆಯಾಡಿಸಿದಳು.

"ನಿಮ್ಮ ಪಾಠದಲ್ಲಿ ಬಂತಲ್ಲ, ಇದೇ ಮಾತನ್ನ ಪಕ್ಕದ ಮನೆಯವಳು ಬಂದು ಹೇಳಿದ್ರೆ ಏನಂತೀರಿ ಅಂತ. ಸಿಂಚುಗೋಸ್ಕರ ಮಾಡ್ತಿದೀನಲ್ಲ, ಸರಿಯಾಗೇ ಮಾಡಬೇಕು ಅಂತ ಇಲ್ಲೇ ಕೂತು ಜೋರಾಗಿ ಹೇಳ್ದೆ. 'ಅಯ್ಯೋ ಹುಚ್ಚೀ, ಜ್ವರಕ್ಕೂ ಬಾಗಿಲಿಗೂ ಏನೇ ಸಂಬಂಧ, ಬಾಣಂತಿ ನೀನು, ಬಾಗಿಲು ಹಾಕೋರು ಮನೇಲಿ ಇನ್ಯಾರೂ ಇರ್ಲಿಲ್ವೇನೇ' ಅಂದೆ. ಅಂದವಳೇ ಅತ್ತುಬಿಟ್ಟೆ. ಅದಾದ ಮೇಲೆ ತಟ್ಟೋದು ಕಮ್ಮಿ ಆಯ್ತು. ಒಂದಿನ ಬೆಳಿಗ್ಗೆ ನಮ್ಮಪ್ಪ ಓದ್ತಿದ್ದ ಪದ್ಯ ತಾವಾಗೇ ಬಂದ್ವು. ಒಂದರ ಹಿಂದೊಂದು, ಗೂಡಿಗೆ ಹಕ್ಕಿ ಬಂದಂಗೆ. ಇಷ್ಟು ವರ್ಷ ಎಲ್ಲಿದ್ವೋ."

ಹನ್ನೊಂದು ವರ್ಷದ ಕೆಲಸಕ್ಕೆ ಇದಕ್ಕಿಂತ ಚೆಂದದ ಫಲ ವಸುಮತಿ ಎಣಿಸಿರಲಿಲ್ಲ. ಆದರೆ ನಡುಮನೆಯಲ್ಲಿ, ಎಂಟು ವಾರದಿಂದ ಯಾವ ಚಿಕಿತ್ಸೆಯೂ ಇಲ್ಲದೆ ಕೂತಿದ್ದವಳ ಕೈಯಲ್ಲಿ ಅದೇ ಅರ್ಧ ಬಿಡಿಸಿದ ಕಾಯಿ ಇನ್ನೂ ಹಾಗೇ ಇತ್ತು.

* * *

ಮರುದಿನ ವಸುಮತಿ ನಡೆದದ್ದನ್ನೆಲ್ಲ ಬರೆದು ನೀತಿ ಸಮಿತಿಗೂ ವೈದ್ಯರ ಮಂಡಳಿಗೂ ಕಳಿಸಿದಳು. ಸಹಿ ಹಾಕಲಿಲ್ಲ. ಸಿಂಚನಳ ಪರೀಕ್ಷೆ ಮೂರು ತಿಂಗಳು ಮುಂದಕ್ಕೆ ಹೋಯಿತು. ಮನೋವೈದ್ಯರೊಬ್ಬರು ನೋಡಿ ಮಾತ್ರೆ ಶುರುಮಾಡಿದರು. ಸಮಿತಿ ಬೈದು, ಕೊನೆಗೆ ಅರವತ್ತೊಂದನೆಯ ಕಂಠಿಕೆಗೆ ಒಪ್ಪಿತು. ಈ ಸಲ ವಸುಮತಿ ತಾನೇ ಹೋಗಿ ಸಿಂಚನಳ ಕತ್ತಿಗೆ ಕಟ್ಟಿ ಬಂದಳು.

ಹತ್ತು ದಿನದ ಅಳತೆ ಬಂದಾಗ ಜಬೀವುಲ್ಲಾ ಎರಡು ಸಲ ಯಂತ್ರದ ತಂತಿಗಳನ್ನೆಲ್ಲ ಬಿಚ್ಚಿ ನೋಡಿದ. "ಕೆಲಸ ಮಾಡ್ತಿದೆ ಮೇಡಂ. ಆದ್ರೆ ಒಳಗೆ ಏನೂ ಇಲ್ಲ."

ವಸುಮತಿ ಕಿವಿಗೆ ಹಾಕಿಕೊಂಡಳು. ಸುತ್ತು ಇರಲಿಲ್ಲ. ಗಾಣವೂ ಇಲ್ಲ, ಎತ್ತೂ ಇಲ್ಲ. ಎಲ್ಲೋ ಒಂದೆರಡು ಹೆಜ್ಜೆ, ಆಮೇಲೆ ಆರೇಳು ನಿಮಿಷ ಬರಿದು. ಮತ್ತೆ ಒಂದು ಹೆಜ್ಜೆ.

"ಇಂಥ ಗೆರೆಗೆ ನಮ್ಮ ಯಂತ್ರ ಏನು ಹೇಳುತ್ತೆ?"

ಜಬೀವುಲ್ಲಾ ಪರದೆ ನೋಡಿ ಓದಿದ. "ಪ್ರಶಾಂತ ಅಂತ. ನೂರಕ್ಕೆ ತೊಂಬತ್ತೊಂದು."

ಮೊದಲ ದಿನವೇ ಪಟ್ಟಿ ಸರಿಯಾದ ಕತ್ತಿಗೆ ಏರಿದ್ದಿದ್ದರೂ ಒಂದು ಸಲವೂ ತಟ್ಟುತ್ತಿರಲಿಲ್ಲ. ಒಳಗೆ ಗದ್ದಲವಿದ್ದವರ ದುಃಖವನ್ನಷ್ಟೇ ಅದಕ್ಕೆ ಕಲಿಸಿದ್ದರು. ಮಾತೇ ಇಂಗಿಹೋದವರೂ ಇರುತ್ತಾರೆಂದು ಹನ್ನೊಂದು ವರ್ಷದಲ್ಲಿ ಯಾರೂ ಅದಕ್ಕೆ ಹೇಳಿರಲಿಲ್ಲ.

"ಬರಿದಾಗೋದಕ್ಕೆ ಮುಂಚೆ ಏನಾದ್ರೂ ಗುರುತು ಸಿಗುತ್ತಾ?"

"ಗಂಟಲಲ್ಲಿ ಏನೂ ಇಲ್ಲ ಮೇಡಂ. ಹುಡುಕಿದೆ. ದೀಪ ಆರಿದಂಗೆ ಆಗಿಬಿಡುತ್ತೆ."

ವಸುಮತಿ ಅರಸೀಕೆರೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಪಾಠಗಳಿವೆ, ಆದರೆ ಯಾವಾಗ ಮಾಡಬೇಕೆಂದು ಎಚ್ಚರಿಸಲು ಪಟ್ಟಿಯಿಂದ ಆಗುವುದಿಲ್ಲ.

"ಅಷ್ಟೇ ತಾನೇ?" ಎಂದರು ಕಮಲಾಕ್ಷಮ್ಮ. "ನಾನು ತಟ್ಟುತೀನಿ ಬಿಡಿ."

"ನಿಮಗೆ ಹೇಗೆ ಗೊತ್ತಾಗುತ್ತೆ?"

"ಒಂದೇ ಮನೇಲಿದೀವಿ. ಗೊತ್ತಾಗ್ದೆ ಏನು?"

* * *

ವಾರಕ್ಕೊಮ್ಮೆ ವಸುಮತಿ ಅರಸೀಕೆರೆಗೆ ಹೋಗತೊಡಗಿದಳು. ಕಲಿಸುವವರನ್ನು ನೋಡಲೆಂದು ಹೋದವಳು ಕ್ರಮೇಣ ಕಲಿಯಲೆಂದು ಹೋಗುತ್ತಿದ್ದಳು.

ಮೊದಮೊದಲು ಕಮಲಾಕ್ಷಮ್ಮನದು ಕೆಟ್ಟ ಪಾಠ. "ನಾನು ಮಾಡಿಲ್ವಾ, ನಿನಗೇನು ಕಷ್ಟ?" ಎನ್ನುವರು. ಸಿಂಚನ ಇನ್ನಷ್ಟು ಕುಗ್ಗುವಳು. ವಸುಮತಿ ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಅವರೇ ನಾಲಗೆ ಕಚ್ಚಿಕೊಂಡು, "ಇರು, ಪಕ್ಕದ ಮನೆಯವಳಿಗೆ ಹಿಂಗಂತಿದ್ನಾ ನಾನು?" ಎಂದು ತಿದ್ದಿಕೊಳ್ಳುವರು.

ಕೈಗೆಟುಕುವಷ್ಟು ಚಿಕ್ಕದಾಗಿ ಕೆಲಸ ಒಡೆಯುವ ಪಾಠದ ದಿನ ನಡೆದದ್ದನ್ನು ವಸುಮತಿ ಹಾಸನಕ್ಕೆ ಬಂದು ಜಬೀವುಲ್ಲಾಗೆ ಅಭಿನಯಿಸಿ ತೋರಿಸಿದ್ದಳು.

"ಸ್ನಾನ ಮಾಡು," ಎಂದರು ಕಮಲಾಕ್ಷಮ್ಮ.

"ಆಗಲ್ಲ ಅತ್ತೆ."

"ದೊಡ್ಡದಾಯ್ತು ಬಿಡು. ಬಚ್ಚಲಿಗೆ ಹೋಗಿ ನಿಂತ್ಕೋ."

"ಆಗಲ್ಲ."

"ಟವೆಲ್ ತಗೋ."

ಸಿಂಚನ ತಂತಿಯ ಮೇಲಿನ ಟವೆಲಿನ ಕಡೆ ನೋಡಿದಳು.

"ನೋಡ್ದಾ ಟವೆಲ್ನ?"

"ನೋಡ್ದೆ."

"ಯಾವ ಬಣ್ಣ?"

"ನೀಲಿ. ಅಂಚು ಹರಿದಿದೆ."

"ಸಾಕು. ಇವತ್ತಿನ ಪಾಠ ಮುಗೀತು, ಎದ್ದು ಕಾಫಿ ಕುಡಿ. ಕಾಫಿ ದೊಡ್ಡದಾದ್ರೆ ಲೋಟ ನೋಡು."

ಸಿಂಚನಳ ಮೂಗಿನಿಂದ ಒಂದು ಸಣ್ಣ ಉಸಿರು ಹೊರಬಂದಿತ್ತು. ನಗುವೆನ್ನಲಾಗದು, ನಗುವಿನಿಂದ ಒಡೆದ ಒಂದು ಚೂರು.

ನಾಲ್ಕನೆಯ ವಾರ ಮಾತ್ರೆಯೂ ಹಿಡಿಯತೊಡಗಿತ್ತು. ಅರವತ್ತೊಂದನೆಯ ಕಂಠಿಕೆಯಲ್ಲಿ ಬರಿದಾದ ಜಾಗಗಳು ಸಣ್ಣದಾಗುತ್ತಿದ್ದವು. ಎಲ್ಲಿ ತುಂಡಾಗುತ್ತಿವೆಯೆಂದು ಜಬೀವುಲ್ಲಾ ಹುಡುಕಿದ. ಯಾರೋ ಹೊರಗಿನಿಂದ ಕದ ತಟ್ಟಿದ ಹಾಗೆ, ಬರಿದಿನ ಆರಂಭದಲ್ಲೇ ನಾಲ್ಕಾರು ಹೆಜ್ಜೆ ಎದ್ದುಬರುತ್ತಿದ್ದವು. ಆ ಅತ್ತೆ ಯಾವುದನ್ನು ನೋಡಿ ತಟ್ಟುತ್ತಾರೆಂದು ಕೇಳದೆ ಅವನಿಗೆ ಸಮಾಧಾನವಿರಲಿಲ್ಲ. ಮುಂದಿನ ಸಲ ಅವನೇ ಜೊತೆಗೆ ಬಂದ.

"ಹೇಗೆ ಕಂಡುಹಿಡೀತೀರಮ್ಮ?"

"ಏನನ್ನ?"

"ಇವರು ಒಳಗೆ ಹೋಗ್ತಿದಾರೆ ಅನ್ನೋದನ್ನ. ಮುಖ ನೋಡ್ತೀರಾ?"

"ಮುಖದಲ್ಲಿ ಏನಿದೆಯಪ್ಪಾ, ಸುಮ್ನೆ ಇರುತ್ತೆ. ಕೈ ನೋಡು. ಕಾಯಿ ಬಿಡಿಸ್ತಿರ್ತಾಳೆ, ಬಟ್ಟೆ ಮಡಚ್ತಿರ್ತಾಳೆ. ಮನಸ್ಸು ಹೋಗೋಕೆ ಮುಂಚೆ ಕೈ ನಿಧಾನ ಆಗುತ್ತೆ. ಹೆಬ್ಬೆರಳು ಮೊದಲು ನಿಲ್ಲುತ್ತೆ. ಅವಾಗ ಹೋಗಿ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡ್ತೀನಿ, ಅಷ್ಟೇ. ಅವಳು ಬಾಯಿಬಿಟ್ಟು 'ಹೋಗ್ತಿದೀನಿ ಅತ್ತೆ' ಅಂತಾಳೆ. ಆಮೇಲೆ ಕೈಗೆ ಸಿಗೋದೇನಾದ್ರೂ ಮಾಡ್ತೀವಿ."

ಜಬೀವುಲ್ಲಾ ಸಿಂಚನಳ ಒಪ್ಪಿಗೆ ಪಡೆದು ಅವಳ ಕೈಗೂ ಒಂದು ಪಟ್ಟಿ ಕಟ್ಟಿದ. ಎರಡು ವಾರದ ಲೆಕ್ಕ ತೆಗೆದಾಗ, ಹತ್ತರಲ್ಲಿ ಏಳು ಸಲ ಗಂಟಲು ಬರಿದಾಗುವುದಕ್ಕೆ ನಲವತ್ತು ಸೆಕೆಂಡ್ ಮೊದಲೇ ಹೆಬ್ಬೆರಳು ನಿಂತಿತ್ತು.

"ನಾವು ಪಟ್ಟಿ ಕಟ್ಟಿದ ಜಾಗಾನೇ ತಪ್ಪು ಮೇಡಂ," ಎಂದ ಅವನು, ಬೇಸರಕ್ಕಿಂತ ಬೆರಗಿನಿಂದ. "ಮಾತು ಹೋಗೋ ಮುಂಚೆ ಕೈ ಹೋಗುತ್ತೆ. ಅವತ್ತು ಗಾಡಿ ನಿಲ್ಲಿಸಿದಾಗ ಅವರು ಹೇಳಿದ್ದೂ ಕೈಯನ್ನೇ ಅಲ್ವಾ? ಎಲ್ರೂ ಕೇಳಿಸ್ಕೊಂಡಿದ್ವಿ. ಗಾದೆಮಾತಿನ ಥರ ಕೇಳಿಸ್ಕೊಂಡ್ವಿ."

ಇನ್ನೊಂದು ಸಂಗತಿ ಯಾವ ಪಟ್ಟಿಗೂ ಸಿಗಲಿಲ್ಲ. ವಸುಮತಿ ತಾನೇ ಕೂತು ನೋಡಿದ್ದು. ಹತ್ತನೆಯ ವಾರ ಕಮಲಾಕ್ಷಮ್ಮ ಹಿತ್ತಲ ಬಾಗಿಲ ಬಳಿ ಬಟ್ಟಲು ಹಿಡಿದು ನಿಂತುಬಿಟ್ಟಿದ್ದರು. ಹೊರಗೆ ಗಾಳಿ ಬೀಸುತ್ತಿತ್ತು. ಅವರ ಕಂಠಿಕೆ ವಾಪಸು ಬಂದು ತಿಂಗಳಾಗಿತ್ತು. ತಟ್ಟುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಸಿಂಚನ ಎದ್ದು ಹೋಗಿ ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು.

"ಬಂತಾ ಅತ್ತೆ?"

"ಬಂತು ಕಣವ್ವ."

"ಪಕ್ಕದ ಮನೆಯವಳಿಗೆ ಏನಂತೀರಿ?"

"ನೀನೇ ಹೇಳೇ, ನನಗೆ ಹೇಳಿ ಹೇಳಿ ಸಾಕಾಗಿದೆ."

"ಹುಚ್ಚೀ ಅಂತೀನಿ," ಎಂದಳು ಸಿಂಚನ.

* * *

ಮೂರು ತಿಂಗಳು ಕಳೆದು ವೈದ್ಯರ ಮಂಡಳಿ ಸೇರಿತು. ಮೇಜಿನ ಆಚೆ ಮೂವರು, ಈಚೆ ಸಿಂಚನ, ಪಕ್ಕದಲ್ಲಿ ವಸುಮತಿ. ಮಧ್ಯದಲ್ಲಿ ಕೂತ ಹಿರಿಯ ವೈದ್ಯರು ವರದಿಯನ್ನು ಹಿಂದೆ ಮುಂದೆ ತಿರುವಿದರು.

"ಕಳೆದ ಸಲ ಅಷ್ಟು ಚೆನ್ನಾಗಿತ್ತು ಗೆರೆ. ಅದು ಇವರದಲ್ಲ ಅಂದ್ರಿ. ಈ ಸಲದ್ದು ಇವರದೇ. ಆದ್ರೆ ಇನ್ನೂ ಅಲ್ಲಲ್ಲಿ ಬರಿದಿದೆ. ಪೂರ್ತಿ ವಾಸಿ ಅಂತ ಹೇಗೆ ಬರೀಲಿ ವಸುಮತಿಯವರೇ?"

"ಬರೀಬೇಡಿ ಸರ್. ಅವರನ್ನೇ ಕೇಳಿ."

ವೈದ್ಯರು ಕನ್ನಡಕ ತೆಗೆದರು. "ನೋಡಮ್ಮ, ಇಂಜಿನ್ನಲ್ಲಿ ಇರುವಾಗ ಆ ಥರ ಮತ್ತೆ ಬಂದ್ರೆ?"

ಬರುವುದಿಲ್ಲ ಎಂಬ ಉತ್ತರಕ್ಕೆ ಅವರು ಪೆನ್ನು ಹಿಡಿದು ಕಾಯುತ್ತಿದ್ದ ಹಾಗಿತ್ತು.

"ಬರುತ್ತೆ ಸರ್," ಎಂದಳು ಸಿಂಚನ.

ಪೆನ್ನು ಕೆಳಗಿಳಿಯಿತು.

"ಬರೋಕೆ ಮುಂಚೆ ನನ್ನ ಹೆಬ್ಬೆರಳು ನಿಧಾನ ಆಗುತ್ತೆ. ಅದು ನನಗೀಗ ಗೊತ್ತಾಗುತ್ತೆ, ಮೊದಲು ಗೊತ್ತಾಗ್ತಿರ್ಲಿಲ್ಲ. ಗೊತ್ತಾದ ತಕ್ಷಣ ಜೊತೆಗಿರೋ ಸಹಾಯಕರಿಗೆ ಬಾಯಿಬಿಟ್ಟು ಹೇಳ್ತೀನಿ. ವೇಗ ಇಳಿಸ್ತೀನಿ. ಮುಂದಿನ ಸಿಗ್ನಲ್ಲಿನ ನಂಬರ್ ಜೋರಾಗಿ ಓದ್ತೀನಿ. ಅದು ದೊಡ್ಡದು ಅನ್ನಿಸಿದ್ರೆ ಸಿಗ್ನಲ್ ಬಣ್ಣ ಹೇಳ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ನಿಲ್ಲಿಸಿ ಇಳೀತೀನಿ. ಒಂದ್ಸಲ ಇಳಿದಿದೀನಿ, ಇನ್ನೊಂದ್ಸಲ ಇಳಿಯೋಕೆ ನಾಚಿಕೆ ಇಲ್ಲ."

ಎಡಗಡೆ ಕೂತ ವೈದ್ಯೆ ಹಿರಿಯರ ಕಿವಿಯಲ್ಲಿ ಏನೋ ಹೇಳಿದರು. ಅವರು ತಲೆದೂಗಿದರು. "ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಎಲ್ರೂ ಬರಲ್ಲ ಸರ್ ಅಂತಾನೇ ಹೇಳೋದು," ಎಂದು ಬರೆಯತೊಡಗಿದರು. ಮೊದಲ ಎರಡು ತಿಂಗಳು ಯಾರ್ಡಿನೊಳಗೆ ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸರಿಸುವ ಶಂಟಿಂಗ್ ಮಾತ್ರ, ಸಹಾಯಕರು ಇದ್ದೇ ಇರಬೇಕು; ಅದಾದ ಮೇಲೆ ನೋಡೋಣ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಿಂಚನ ಶಂಟಿಂಗ್ ಇಂಜಿನ್ ಹತ್ತಿದಳು. ಯಾರ್ಡಿನ ಬೇಲಿಯಾಚೆ ವಸುಮತಿಯೂ ಕಮಲಾಕ್ಷಮ್ಮನೂ ನಿಂತಿದ್ದರು. ಖಾಲಿ ವ್ಯಾಗನ್ನುಗಳ ಸಾಲೊಂದು ಗಡಗಡ ಎಂದು ಒಂದಕ್ಕೊಂದು ಮೈತಾಗಿಸಿ, ಎಳೆದುಕೊಂಡು, ಮೂರನೆಯ ಹಳಿಯಿಂದ ಏಳನೆಯದಕ್ಕೆ ಹೊರಟಿತು. ನಡುವೆ ಒಂದು ಕಡೆ ನಿಂತಿತು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಇಂಜಿನ್ನಿನ ಕಿಟಕಿಯಲ್ಲಿ ಇಬ್ಬರ ತಲೆಗಳು ಒಂದರ ಕಡೆಗೊಂದು ವಾಲಿ ಏನೋ ಮಾತಾಡುತ್ತಿದ್ದವು. ಆಮೇಲೆ ಸಾಲು ಮತ್ತೆ ಚಲಿಸಿತು. ಕೊನೆಯ ವ್ಯಾಗನ್ ಏಳನೆಯ ಹಳಿಯೊಳಕ್ಕೆ ಸರಿದು ನಿಂತಿತು.

ಊಟದ ಹೊತ್ತಿಗೆ ಸಿಂಚನ ಬೇಲಿಯ ಹತ್ತಿರ ಬಂದಳು. ಕೈಯೆಲ್ಲ ಗ್ರೀಸ್. ನಡುವೆ ನಿಂತದ್ದು ಯಾಕೆಂದು ವಸುಮತಿ ಕೇಳಲಿಲ್ಲ. ಕಮಲಾಕ್ಷಮ್ಮ ಊಟದ ಡಬ್ಬಿಯನ್ನು ಬೇಲಿಯ ಮೇಲಿಂದ ದಾಟಿಸುತ್ತ ಕೇಳಿದರು:

"ಎಷ್ಟು ದೂರ ಓಡ್ಸಿದೆಯೇ?"

"ಮುನ್ನೂರು ಮೀಟರ್ ಇರಬಹುದು ಅತ್ತೆ."

"ಅಷ್ಟಕ್ಕೇ ಇಷ್ಟು ಹೊತ್ತಾ? ನಾನು ನಡ್ಕೊಂಡೇ ಹೋಗಿ ಬಂದಿರ್ತಿದ್ದೆ."

"ನೀವು ಹೋಗಿ ಬರ್ತಿದ್ರಿ," ಎಂದಳು ಸಿಂಚನ, ಡಬ್ಬಿಯ ಮುಚ್ಚಳ ತಿರುಗಿಸುತ್ತ. "ನನ್ನ ಹಿಂದೆ ನಲವತ್ತೆರಡು ವ್ಯಾಗನ್ ಇದ್ವು."